ಸೈಕಲ್ ಗುಂಪು ಇಬ್ಬಿಬ್ಬರಾಗಿ ಹೋಗುವುದು ಸರಿಯಾ? ಹಿಂದೆ ಸಿಕ್ಕಿಕೊಂಡ ಕಾರಿನವರು ಏನು ಮಾಡಬೇಕು?

ಸ್ಟೀರಿಂಗ್‌ವಾಲಾ
ಜಗಳಕ್ಕೆ ಕೇಳುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನು ಸೈಕಲ್ ತುಳಿಯುವವನಲ್ಲ, ಕಾರು ಓಡಿಸುವವನು. ಭಾನುವಾರ ಬೆಳಗ್ಗೆ ಹೊರಟರೆ ಸಾಕು, ಎರಡೇ ಲೇನಿನ ರಸ್ತೆಯಲ್ಲಿ ಹದಿನೈದು ಇಪ್ಪತ್ತು ಜನರ ಸೈಕಲ್ ಗುಂಪು ಎದುರಾಗುತ್ತದೆ. ಇಬ್ಬಿಬ್ಬರು ಪಕ್ಕಪಕ್ಕ, ಆರಾಮಾಗಿ ಮಾತಾಡಿಕೊಂಡು. ಹಾರ್ನ್ ಹೊಡೆದರೆ ತಿರುಗಿ ದುರುಗುಟ್ಟಿ ನೋಡುತ್ತಾರೆ. ಹೊಡೆಯದಿದ್ದರೆ ಸರಿಯುವುದೇ ಇಲ್ಲ.

ಒಬ್ಬರ ಹಿಂದೆ ಒಬ್ಬರು ಹೋದರೆ ಏನು ಕಷ್ಟ? ಓವರ್‌ಟೇಕ್ ಮಾಡುವಾಗ ಎಷ್ಟು ಜಾಗ ಬಿಡಬೇಕು? ಹಾರ್ನ್ ಹೊಡೆಯಬೇಕಾ, ಬೇಡವಾ? ಗೊತ್ತಿರುವವರು ಹೇಳಿ.

ಕ್ಲಚ್‌ಪ್ಲೇಟ್
ಉತ್ತರ ಸುಲಭ. ಅವರಿಗೆ ರಸ್ತೆ ಅಪ್ಪನ ಆಸ್ತಿ. ಟ್ಯಾಕ್ಸ್ ಕಟ್ಟುವುದಿಲ್ಲ, ನಂಬರ್ ಪ್ಲೇಟ್ ಇಲ್ಲ, ಲೈಸೆನ್ಸ್ ಇಲ್ಲ. ಆದರೂ ನಡು ರಸ್ತೆಯೇ ಬೇಕು.

ಎರಡುಚಕ್ರ
ಬಂತಪ್ಪ ಟ್ಯಾಕ್ಸ್ ಮಾತು. ನಿಮ್ಮದು ಎಷ್ಟನೇ ಉತ್ತರ? ಮೊದಲನೆಯದೇ! ದಾಖಲೆ ಇದು.

@ಸ್ಟೀರಿಂಗ್‌ವಾಲಾ, ಕೇಳಿದ್ದು ಒಳ್ಳೆಯದಾಯಿತು. ಇಬ್ಬಿಬ್ಬರು ಹೋಗುವುದು ಹರಟೆಗಲ್ಲ. ಹರಟೆಯೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಮುಖ್ಯ ಕಾರಣ ಗುಂಪಿನ ಉದ್ದ ಅರ್ಧಕ್ಕೆ ಇಳಿಯುತ್ತದೆ. ಉದ್ದ ಕಡಿಮೆಯಾದರೆ ನೀವು ಎದುರಿನ ಲೇನಿನಲ್ಲಿ ಇರುವ ಹೊತ್ತೂ ಕಡಿಮೆ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್‌ನಲ್ಲಿ 2022ರ ಜನವರಿಯಲ್ಲಿ ಬದಲಾವಣೆ ತಂದಾಗ ಇದನ್ನು ಬಿಡಿಸಿಯೇ ಬರೆದರು. ಇಬ್ಬರು ಪಕ್ಕಪಕ್ಕ ಹೋಗಬಹುದು, ದೊಡ್ಡ ಗುಂಪು ಇದ್ದಾಗ ಅಥವಾ ಜೊತೆಗೆ ಮಕ್ಕಳು, ಹೊಸಬರು ಇದ್ದಾಗ ಅದೇ ಹೆಚ್ಚು ಸುರಕ್ಷಿತವಾಗಿರಬಹುದು ಅಂತ.

ಮೂರನೇ ಗೇರ್
ಅದೇ ನಿಯಮದ ಮುಂದಿನ ಸಾಲನ್ನು ಯಾಕೆ ನುಂಗಿದಿರಿ? ಹಿಂದೆ ಬರುವ ವಾಹನಗಳ ಮೇಲೆ ಗಮನ ಇರಲಿ, ಸುರಕ್ಷಿತ ಅನಿಸಿದಾಗ ಒಂದೇ ಸಾಲಾಗಿಯೋ ನಿಂತೋ ದಾರಿ ಬಿಡಿ ಅಂತಲೂ ಅಲ್ಲೇ ಇದೆ. ಸೈಕಲ್‌ನವರು ಯಾವಾಗಲೂ ಅರ್ಧ ನಿಯಮವನ್ನೇ ಹೇಳುತ್ತಾರೆ.

ಎರಡುಚಕ್ರ
ನುಂಗಿಲ್ಲ ಗುರು, ಟೈಪ್ ಮಾಡುತ್ತಿದ್ದೆ. ಆ ಸಾಲನ್ನು ನಾನೂ ಒಪ್ಪುತ್ತೇನೆ. ಆದರೆ "ಸುರಕ್ಷಿತ ಅನಿಸಿದಾಗ" ಅನ್ನುವುದನ್ನು ತೀರ್ಮಾನ ಮಾಡುವುದು ಸೈಕಲ್ ಮೇಲಿರುವವರು, ಹಿಂದೆ ಹಾರ್ನ್ ಒತ್ತುತ್ತಿರುವವರಲ್ಲ.

ಲೆಕ್ಕದ ಮೇಷ್ಟ್ರು
ಬಾಯಿಮಾತು ಬಿಟ್ಟು ಲೆಕ್ಕ ಹಾಕೋಣ.

20 ಜನರ ಗುಂಪು. ಒಂದು ಸೈಕಲ್ ಸುಮಾರು 1.75 ಮೀಟರ್ ಉದ್ದ. ನಡುವೆ ಒಂದೂವರೆ ಮೀಟರ್ ಅಂತರ ಅಂದುಕೊಳ್ಳಿ. ಒಂದೇ ಸಾಲಾದರೆ ಗುಂಪು ಹತ್ತಿರ ಹತ್ತಿರ 65 ಮೀಟರ್. ಇಬ್ಬಿಬ್ಬರಾದರೆ 32. ಗುಂಪು ಗಂಟೆಗೆ 25 ಕಿ.ಮೀ., ಕಾರು 50 ಕಿ.ಮೀ. ವೇಗದಲ್ಲಿದೆ. ಅಂದರೆ ನೀವು ಅವರನ್ನು ದಾಟುವುದು ಸೆಕೆಂಡಿಗೆ ಸುಮಾರು 7 ಮೀಟರ್ ಲೆಕ್ಕದಲ್ಲಿ. ಒಂದೇ ಸಾಲಿಗೆ 9 ಸೆಕೆಂಡು ದಾಟುತ್ತದೆ. ಜೋಡಿ ಸಾಲಿಗೆ ನಾಲ್ಕೂವರೆ ಸಾಕು.

ಈ 9 ಸೆಕೆಂಡಿನಲ್ಲಿ ನಿಮ್ಮ ಕಾರು 130 ಮೀಟರ್ ಹೋಗಿರುತ್ತದೆ, ಅದೂ ಎದುರಿನ ಲೇನಿನಲ್ಲಿ. ಎದುರಿನಿಂದ ಬರುವವನೂ 50ರಲ್ಲಿದ್ದರೆ ಅವನೂ 130 ಮೀಟರ್ ಬಂದಿರುತ್ತಾನೆ. ಒಟ್ಟು 260 ಮೀಟರ್ ರಸ್ತೆ ಖಾಲಿ ಕಾಣಬೇಕು. ಜೋಡಿ ಸಾಲಿಗೆ 130 ಸಾಕು. ಗುಂಪಿನ ಹಿಂದೆ ಮುಂದೆ ಬಿಡುವ ಜಾಗ ಇದರಲ್ಲಿ ಸೇರಿಲ್ಲ. ತಿರುವಿನ ರಸ್ತೆಯಲ್ಲಿ 260 ಮೀಟರ್ ಎಲ್ಲಿ ಸಿಗುತ್ತದೆ, ಹೇಳಿ?

ಕ್ಲಚ್‌ಪ್ಲೇಟ್
ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ. ಆದರೆ ಒಂದೇ ಸಾಲಲ್ಲಿ ಹೋದರೆ ನಾನು ಎದುರಿನ ಲೇನಿಗೆ ಹೋಗಬೇಕಾಗಿಯೇ ಇಲ್ಲವಲ್ಲ! ನನ್ನ ಲೇನಿನಲ್ಲೇ ಪಕ್ಕದಿಂದ ನುಸುಳಿಬಿಡುತ್ತೇನೆ.

ಲೆಕ್ಕದ ಮೇಷ್ಟ್ರು
ಅದೇ ತಪ್ಪು. ಲೇನಿನ ಅಗಲ ಮೂರೂವರೆ ಮೀಟರ್ ಇಟ್ಟುಕೊಳ್ಳಿ, ಇದು ಉದಾರ ಲೆಕ್ಕ. ಸೈಕಲ್ಲಿನ ಚಕ್ರ ಅಂಚಿನಿಂದ ಅರ್ಧ ಮೀಟರ್ ಒಳಗಿದೆ. ಹ್ಯಾಂಡಲ್ ತುದಿ ಅಲ್ಲಿಂದ ಇನ್ನೂ 30 ಸೆಂಟಿಮೀಟರ್ ಆಚೆ. ಅಲ್ಲಿಗೆ 0.8 ಮೀಟರ್. ಒಂದೂವರೆ ಮೀಟರ್ ಜಾಗ ಬಿಟ್ಟರೆ 2.3. ನಿಮ್ಮ ಕಾರಿನ ಅಗಲ 1.8. ಒಟ್ಟು 4.1 ಮೀಟರ್. ಸೈಕಲ್ ಒಂದೇ ಇದ್ದರೂ ನೀವು ಗೆರೆ ದಾಟಲೇಬೇಕು. ಹೇಗೂ ದಾಟಲೇಬೇಕು ಅಂದ ಮೇಲೆ ಪಕ್ಕದಲ್ಲಿ ಇನ್ನೊಬ್ಬರಿದ್ದರೆ ನಿಮಗೇನು ನಷ್ಟ?

ಗೆರೆ ದಾಟದೆ ನುಸುಳುತ್ತೀರಿ ಅಂದರೆ ಯಾರದ್ದೋ ಮೊಣಕೈ ಸವರಿಕೊಂಡು ಹೋಗುತ್ತಿದ್ದೀರಿ ಅಂತ ಅರ್ಥ.

ಸ್ಟೀರಿಂಗ್‌ವಾಲಾ
ಇದು ನನಗೆ ಹೊಳೆದಿರಲಿಲ್ಲ. ಒಂದೂವರೆ ಮೀಟರ್ ಅನ್ನುವುದು ಎಲ್ಲ ಕಡೆ ಒಂದೇನಾ?

ರಾತ್ರಿಪಾಳಿ
ಇಲ್ಲ. ಫ್ರಾನ್ಸಿನಲ್ಲಿ ಊರೊಳಗೆ 1 ಮೀಟರ್, ಹೊರಗೆ 1.5. ಜರ್ಮನಿಯಲ್ಲಿ 2020ರಿಂದ ಊರೊಳಗೆ 1.5, ಹೊರಗೆ 2 ಮೀಟರ್. ಬ್ರಿಟನ್ನಿನಲ್ಲಿ ಗಂಟೆಗೆ 30 ಮೈಲಿ ತನಕ ಕನಿಷ್ಠ 1.5, ವೇಗ ಹೆಚ್ಚಾದರೆ ಇನ್ನೂ ಜಾಸ್ತಿ. ಸ್ಪೇನ್‌ನಲ್ಲೂ 1.5. ಅಲ್ಲಿ ಒಂದೇ ದಿಕ್ಕಿಗೆ ಎರಡು ಲೇನ್ ಇದ್ದರೆ ಪೂರ್ತಿ ಪಕ್ಕದ ಲೇನಿಗೆ ಹೋಗಿಯೇ ದಾಟಬೇಕು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ 3 ಅಡಿ. ನನ್ನ ಪ್ರಕಾರ ಅದು ಏನೇನೂ ಸಾಲದು.

ನಿಧಾನಸ್ಥೆ
3 ಅಡಿಯಲ್ಲಿ ಲಾರಿ ಹೋದರೆ ಹೇಗಿರುತ್ತದೆ ಅಂತ ಆ ನಿಯಮ ಬರೆದವರನ್ನು ಒಮ್ಮೆ ಸೈಕಲ್ ಮೇಲೆ ಕೂರಿಸಿ ತೋರಿಸಬೇಕು. ಲಾರಿಯ ಮೂತಿ ಪಕ್ಕಕ್ಕೆ ಬಂದಾಗ ಗಾಳಿ ಆಚೆಗೆ ತಳ್ಳುತ್ತದೆ. ಅದು ದಾಟಿದ ಕೂಡಲೇ ಒಳಕ್ಕೆ ಎಳೆಯುತ್ತದೆ. ತಳ್ಳಿದ್ದಕ್ಕೆ ನಾವು ಒಳಕ್ಕೆ ವಾಲಿರುತ್ತೇವೆ, ಅಷ್ಟರಲ್ಲಿ ಎಳೆತ ಬರುತ್ತದೆ. ಹೊಸಬರು ಬೀಳುವುದು ಇಂಥ ಕಡೆಯೇ. ಅದಕ್ಕೇ ನಮ್ಮ ಗುಂಪಿನಲ್ಲಿ ಹೊಸಬರನ್ನು ಅಂಚಿನ ಕಡೆ ಬಿಟ್ಟು, ಪಳಗಿದವರು ಹೊರಗಿನ ಸಾಲಿನಲ್ಲಿ ಇರುತ್ತೇವೆ.

ಲಾರಿಮಿತ್ರ
ಲಾರಿ ಹೆಸರು ಬಂತು, ನಾನೂ ಬಂದೆ. ದೊಡ್ಡ ಗಾಡಿ ಓಡಿಸುವವನು ನಾನು.

ಸೈಕಲ್‌ನವರೇ, ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ನನ್ನ ಕನ್ನಡಿ ನಿಮಗೆ ಕಾಣಿಸದಿದ್ದರೆ ನೀವೂ ನನಗೆ ಕಾಣಿಸುವುದಿಲ್ಲ. ಕ್ಯಾಬಿನ್ನಿನ ಕೆಳಗೆ, ಮೂತಿಯ ಮುಂದೆ, ಪಕ್ಕದ ಬಾಗಿಲ ಬುಡದಲ್ಲಿ ಏನಿದೆ ಅಂತ ಕೂತ ಜಾಗದಿಂದ ಕಾಣುವುದೇ ಇಲ್ಲ. ಸಿಗ್ನಲ್ಲಿನಲ್ಲಿ ನಾನು ನಿಂತಾಗ ಅಂಚಿನ ಸಂದಿಯಲ್ಲಿ ತೂರಿಕೊಂಡು ಮುಂದೆ ಬರುತ್ತೀರಲ್ಲ, ಅದು ಸಾವಿನ ಜಾಗ. ತಿರುಗುವಾಗ ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಗಾಡಿ ಉದ್ದ ಆದಷ್ಟೂ ಜಾಸ್ತಿ. ಮೂತಿ ನಿಮ್ಮನ್ನು ದಾಟಿ ಹೋಯಿತು, ಬಚಾವ್ ಅಂದುಕೊಂಡಿರುತ್ತೀರಿ. ಅಪಾಯ ಇನ್ನೂ ಹಿಂದೆ ಬರುತ್ತಿರುತ್ತದೆ.

ಗುಂಪಿನಲ್ಲಿ ಮೊದಲನೆಯವನು ತೂರಿದರೆ ಉಳಿದವರೂ ಅವನ ಹಿಂದೆ ತೂರುತ್ತಾರೆ. ಇದೇ ನನಗೆ ದೊಡ್ಡ ತಲೆನೋವು. ಲಾರಿ ಹಿಂದೆ ನಿಲ್ಲಿ. ಹೊಗೆ ಕುಡಿದರೂ ಪರವಾಗಿಲ್ಲ.

ಎರಡುಚಕ್ರ
ಲಾರಿಮಿತ್ರರು ಹೇಳಿದ್ದನ್ನು ಪ್ರತಿ ಸೈಕಲ್ ಗುಂಪೂ ಓದಬೇಕು.

ಲಾರಿಮಿತ್ರ
ಇನ್ನೊಂದು. ಏರಿನಲ್ಲಿ ಹಿಂದೆ ಭರ್ತಿ ಲೋಡ್ ಲಾರಿ ಬರುತ್ತಿದ್ದರೆ ಸಾಧ್ಯವಾದರೆ ಸ್ವಲ್ಪ ಜಾಗ ಕೊಡಿ. ಒಮ್ಮೆ ವೇಗ ಹೋದರೆ ಏರು ಮುಗಿಯುವ ತನಕ ಅದು ವಾಪಸ್ ಬರುವುದಿಲ್ಲ. ಅದನ್ನು ಉಳಿಸಿಕೊಳ್ಳಬೇಕು ಅಂತಲೇ ಕೆಲವು ಡ್ರೈವರ್‌ಗಳು ತಿರುವಿನಲ್ಲೂ ಹೊಡೆದುಕೊಂಡು ಹೋಗುತ್ತಾರೆ. ತಪ್ಪೇ ಅದು. ಆದರೆ ಯಾಕೆ ಹಾಗೆ ಮಾಡುತ್ತಾರೆ ಅಂತ ಗೊತ್ತಿರಲಿ.

ಬ್ರೇಕ್‌ವೈರ್
ಇಳಿಜಾರಿನಲ್ಲಿ ಇದರ ಉಲ್ಟಾ. ನಾವು ಅಲ್ಲಿ 50ರ ಮೇಲೆ ಹೋಗುತ್ತಿರುತ್ತೇವೆ. ಸೈಕಲ್ ಅಂದರೆ ನಿಧಾನ ಅಂದುಕೊಂಡು ಕಾರಿನವರು ದಾಟಲು ಬರುತ್ತಾರೆ. ದಾಟಲು ಆಗುವುದಿಲ್ಲ. ತಿರುವು ಬಂದುಬಿಡುತ್ತದೆ, ನಮ್ಮ ಮೇಲೇ ಒತ್ತುತ್ತಾರೆ. ಇಳಿಜಾರಿನಲ್ಲಿ ದಯವಿಟ್ಟು ಹಿಂದೆಯೇ ಇರಿ.

ಸ್ಟೀರಿಂಗ್‌ವಾಲಾ
ಸರಿ. ಹಾರ್ನ್ ವಿಷಯ ಯಾರೂ ಹೇಳಲೇ ಇಲ್ಲ.

ನಿಧಾನಸ್ಥೆ
ದೂರದಿಂದ ಒಂದು ಸಣ್ಣ ಹಾರ್ನ್, ನಾನು ಬರುತ್ತಿದ್ದೇನೆ ಅಂತ ತಿಳಿಸಲು. ಅದು ಸರಿ. ಬೆನ್ನಿಗೆ ಬಂದು ಹೊಡೆಯುವುದು ತಪ್ಪು. ಕಾರಿನೊಳಗೆ ಕೂತವರಿಗೆ ಹಾರ್ನ್ ಮೆತ್ತಗೆ ಕೇಳುತ್ತದೆ, ನಮ್ಮ ಕಿವಿಗೆ ನೇರವಾಗಿ ಬಡಿಯುತ್ತದೆ. ಬೆಚ್ಚಿಬಿದ್ದವರು ಹ್ಯಾಂಡಲ್ ಅಲ್ಲಾಡಿಸುತ್ತಾರೆ.

ಹಿಂದಿನ ಚಕ್ರ
ಇದಕ್ಕೆ ಸ್ವಲ್ಪ ಸೇರಿಸುತ್ತೇನೆ. ಗುಂಪಿನೊಳಗೆ ಏನಾಗುತ್ತಿರುತ್ತದೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ.

ಮುಂದಿನವರ ಹಿಂದೆ ಅಂಟಿಕೊಂಡು ಹೋದರೆ ಗಾಳಿಯ ತಡೆ ಕಾಲು ಭಾಗಕ್ಕಿಂತಲೂ ಜಾಸ್ತಿ ಇಳಿಯುತ್ತದೆ. ಅದಕ್ಕೇ ಅಷ್ಟು ಒತ್ತೊತ್ತಾಗಿ ಹೋಗುವುದು. ಆದರೆ ಹಿಂದಿರುವವರಿಗೆ ರಸ್ತೆ ಕಾಣುವುದಿಲ್ಲ, ಮುಂದಿನವರ ಬೆನ್ನು ಮಾತ್ರ. ಗುಂಡಿ ಬಂತು, ಜಲ್ಲಿ ಬಂತು, ನಾಯಿ ಬಂತು, ಎಲ್ಲವನ್ನೂ ಕೈ ತೋರಿಸಿ, ಕೂಗಿ ಹಿಂದಕ್ಕೆ ದಾಟಿಸಬೇಕು. ಮುಂದಿನ ಮನುಷ್ಯ ಸುಮ್ನೆ ಬ್ರೇಕ್ ಮುಟ್ಟಿದರೆ ಕೊನೆಯವನು ಗಟ್ಟಿಯಾಗಿ ಹಿಡಿಯಬೇಕಾಗುತ್ತದೆ. ನಿಮ್ಮ ಮುಂದಿನ ಚಕ್ರ ಇನ್ನೊಬ್ಬರ ಹಿಂದಿನ ಚಕ್ರಕ್ಕೆ ತಾಗಿದರೆ ಬೀಳುವುದು ನೀವೇ, ಅವರಲ್ಲ. ನಿಮ್ಮ ಮೇಲೆ ನಿಮ್ಮ ಹಿಂದಿನವರು.

ಇಂಥ ಗುಂಪಿನ ಪಕ್ಕದಲ್ಲಿ ಹಾರ್ನ್ ಒತ್ತಿ ಹಿಡಿದರೆ ಒಬ್ಬರು ಬೆಚ್ಚಿದ್ದು ಐದು ಜನರನ್ನು ಕೆಡವುತ್ತದೆ. ಕಾರಿನವರು ಮುಟ್ಟಿಯೇ ಇರುವುದಿಲ್ಲ. ಏನಾಯಿತು ಅಂತ ಗೊತ್ತೂ ಆಗದೆ ಮುಂದೆ ಹೋಗಿರುತ್ತಾರೆ.

ಕ್ಲಚ್‌ಪ್ಲೇಟ್
ಅಷ್ಟು ಅಪಾಯ ಇದ್ದರೆ ಅಂಟಿಕೊಂಡು ಯಾಕೆ ಹೋಗಬೇಕು? ರೇಸಾ? ಸಾರ್ವಜನಿಕ ರಸ್ತೆ ಅದು.

ಹಿಂದಿನ ಚಕ್ರ
ಈ ಪ್ರಶ್ನೆ ನ್ಯಾಯವಾದದ್ದು. ಆ್ಯಪ್‌ನಲ್ಲಿ ಸಮಯ ದಾಖಲೆ ಮಾಡಬೇಕು ಅಂತ ಗುಂಪನ್ನು ಎಳೆದುಕೊಂಡು ಸಿಗ್ನಲ್ ಹಾರಿಸುವವರು ಇದ್ದಾರೆ. ನನಗೂ ಅವರನ್ನು ಕಂಡರೆ ಆಗುವುದಿಲ್ಲ. ಅವರ ಜೊತೆ ನಾನು ಹೋಗುವುದೂ ಇಲ್ಲ.

ಮೂರನೇ ಗೇರ್
ಸಿಗ್ನಲ್ ಅಂದಿರಿ, ಕೇಳಿಯೇಬಿಡುತ್ತೇನೆ. ಗುಂಪಿನ ಅರ್ಧ ಜನ ದಾಟುವಾಗ ಹಸಿರು ಹೋಗಿ ಕೆಂಪು ಬಂತು. ಉಳಿದರ್ಧ ಕೆಂಪಿನಲ್ಲೇ ಹೋಗಿಬಿಡುತ್ತದೆ. ಇದು ಯಾವ ನ್ಯಾಯ?

ರಾತ್ರಿಪಾಳಿ
ಎಲ್ಲಿ ಅನ್ನುವುದರ ಮೇಲೆ ನಿಂತಿದೆ. ಜರ್ಮನಿಯಲ್ಲಿ 15ಕ್ಕಿಂತ ಹೆಚ್ಚು ಸೈಕಲ್‌ಗಳಿದ್ದರೆ ಒಂದು ಕೂಡಿದ ದಂಡು ಅಂತ ಹೋಗಬಹುದು. ಆಗ ಇಡೀ ಗುಂಪು ಒಂದೇ ವಾಹನದ ಲೆಕ್ಕ. ಮೊದಲಿನವರು ಹಸಿರಿನಲ್ಲಿ ಹೊರಟರೆ ಕೊನೆಯವರೂ ದಾಟಬಹುದು. ಸ್ಪೇನ್‌ನಲ್ಲೂ ಗುಂಪಿನ ಮೊದಲ ಸವಾರ ವೃತ್ತದೊಳಗೆ ಹೊಕ್ಕರೆ ಉಳಿದವರಿಗೂ ವಾಹನಗಳು ದಾರಿ ಬಿಡಬೇಕು. ಇಂಥ ನಿಯಮ ಇಲ್ಲದ ಕಡೆ ಕೆಂಪು ಅಂದರೆ ಪ್ರತಿಯೊಬ್ಬರಿಗೂ ಕೆಂಪು. ಅಲ್ಲಿ ಹಾರಿಸಿದರೆ ತಪ್ಪೇ, ಗುಂಪು ಅನ್ನುವ ನೆಪ ನಡೆಯುವುದಿಲ್ಲ.

ಬ್ರೇಕ್‌ವೈರ್
ಮುಂದಿನವರು ಆಚೆ ಹೋಗಿ ನಿಧಾನ ಮಾಡಿದರೆ ಮುಗಿಯಿತು. ಕಾಯುವುದಕ್ಕೆ ಏನು ರೋಗ?

ಕ್ಲಚ್‌ಪ್ಲೇಟ್
ನನ್ನ ಟ್ಯಾಕ್ಸ್ ಮಾತಿಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಗಮನಿಸಿದ್ದೇನೆ.

ಲೆಕ್ಕದ ಮೇಷ್ಟ್ರು
ಕೊಡುತ್ತೇನೆ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರಸ್ತೆ ಹೇಗೆ ಸವೆಯುತ್ತದೆ ಅಂತ ದೊಡ್ಡ ಪರೀಕ್ಷೆ ಮಾಡಿದರು. ಅದರಿಂದ ಬಂದ ಅಂದಾಜು ಸೂತ್ರ ಎಂಜಿನಿಯರ್‌ಗಳು ಈಗಲೂ ಹೇಳುತ್ತಾರೆ: ಸವೆತ ಆ್ಯಕ್ಸಲ್ ಭಾರದ ನಾಲ್ಕನೇ ಘಾತದಂತೆ ಏರುತ್ತದೆ. ನಿಮ್ಮ ಕಾರು 1500 ಕಿಲೋ. ಸೈಕಲ್, ಸವಾರ ಸೇರಿ 100 ಕಿಲೋ. ಭಾರ 15 ಪಟ್ಟು, ಸವೆತ 50 ಸಾವಿರ ಪಟ್ಟು. ಸವೆತದ ಲೆಕ್ಕದಲ್ಲಿ ಟ್ಯಾಕ್ಸ್ ಹಾಕಿದರೆ ಸೈಕಲ್‌ನವರ ರಸೀದಿಯ ಕಾಗದವೇ ದುಬಾರಿ ಬೀಳುತ್ತದೆ.

ಲಾರಿಮಿತ್ರ
ಮೇಷ್ಟ್ರೇ, ಆ ಸೂತ್ರವನ್ನು ಲಾರಿಗೆ ಹಚ್ಚಬೇಡಿ 😄

ಕ್ಲಚ್‌ಪ್ಲೇಟ್
ಒಪ್ಪಿದೆ ಅಂತಲ್ಲ, ಆದರೆ ಸದ್ಯಕ್ಕೆ ಬಿಟ್ಟೆ. ಅಂಚಿನಲ್ಲಿ ಬೇಕಾದಷ್ಟು ಜಾಗ ಬಿಟ್ಟು ಒಳಕ್ಕೆ ಬಂದು ಯಾಕೆ ತುಳಿಯುತ್ತಾರೆ? ಅದಕ್ಕೂ ಸೂತ್ರ ಇದೆಯಾ?

ನಿಧಾನಸ್ಥೆ
ಸೂತ್ರ ಬೇಡ, ಬಂದು ನೋಡಿ. ಕಾರಿನ ಚಕ್ರಗಳು ಓಡಾಡುವ ಜಾಗ ತಾನಾಗಿ ಸ್ವಚ್ಛ ಆಗುತ್ತದೆ. ಗಾಜಿನ ಚೂರು, ಮೊಳೆ, ಜಲ್ಲಿ, ಮರಳು ಎಲ್ಲ ಸಿಡಿದು ಅಂಚಿಗೆ ಸೇರುತ್ತದೆ. ಮೋರಿಯ ಕಬ್ಬಿಣದ ಜಾಲರಿಯೂ ಅಲ್ಲೇ. ಮಳೆ ಬಂದರೆ ಬಿಳಿ ಪಟ್ಟಿ ಜಾರುತ್ತದೆ. ನಿಂತ ಕಾರುಗಳಿದ್ದರೆ ಬಾಗಿಲು ಯಾವಾಗ ತೆರೆಯುತ್ತದೋ ಗೊತ್ತಿಲ್ಲ. ನಮ್ಮ ಟೈರಿನ ಅಗಲ ಎಷ್ಟು ಅಂತ ನೋಡಿದ್ದೀರಾ? ಹೆಬ್ಬೆರಳಿಗಿಂತ ಸ್ವಲ್ಪ ಜಾಸ್ತಿ.

ಸ್ಟೀರಿಂಗ್‌ವಾಲಾ
ಬಾಗಿಲು ಅಂದಾಗ ನೆನಪಾಯಿತು. ನೆದರ್‌ಲೆಂಡ್ಸ್‌ನವರು ದೂರದ ಕೈಯಿಂದ ಬಾಗಿಲು ತೆಗೆಯುತ್ತಾರೆ ಅಂತ ಕೇಳಿದ್ದೆ. ನಿಜವಾ?

ಹಿಂದಿನ ಚಕ್ರ
ಅಲ್ಲಿನ ಹೆಸರಿನಲ್ಲೇ ಆ ಪದ್ಧತಿ ಪ್ರಸಿದ್ಧ. ಬಾಗಿಲ ಪಕ್ಕದ ಕೈ ಬಿಟ್ಟು ಆಚೆ ಕೈ ಚಾಚಿದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ. 2022ರಲ್ಲಿ ಬ್ರಿಟನ್ನಿನ ಹೈವೇ ಕೋಡ್ ಇದನ್ನೂ ಸೇರಿಸಿಕೊಂಡಿದೆ. ಕಾಸು ಖರ್ಚಿಲ್ಲದ ಸುರಕ್ಷತೆ ಅಂದರೆ ಇದು.

ಮೂರನೇ ಗೇರ್
ಹೆಲ್ಮೆಟ್ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? ಗುಂಪಿನಲ್ಲಿ ಅರ್ಧ ಜನ ಹಾಕಿಯೇ ಇರುವುದಿಲ್ಲ.

ರಾತ್ರಿಪಾಳಿ
ಯಾವ ಗುಂಪು ನೋಡಿದಿರೋ. ನಾನು ನೋಡಿದವರೆಲ್ಲ ಹಾಕುತ್ತಾರೆ. ತಮಾಷೆಯ ಸಂಗತಿ ಒಂದಿದೆ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ಸೈಕಲ್ಲಿಗೆ ದೂರ ಅಳೆಯುವ ಸೆನ್ಸರ್ ಕಟ್ಟಿಕೊಂಡು ಓಡಾಡಿದರು. 2007ರಲ್ಲಿ ಪ್ರಕಟವಾದ ಅಧ್ಯಯನ. ಹೆಲ್ಮೆಟ್ ಹಾಕಿದ್ದಾಗ ವಾಹನಗಳು ಹಾಕದಿದ್ದಾಗ ಬಿಟ್ಟದ್ದಕ್ಕಿಂತ ಸರಾಸರಿ ಎಂಟೂವರೆ ಸೆಂಟಿಮೀಟರ್ ಕಡಿಮೆ ಜಾಗ ಬಿಟ್ಟು ದಾಟಿದವಂತೆ. ಉದ್ದ ಕೂದಲಿನ ವಿಗ್ ಹಾಕಿದಾಗ ಜಾಸ್ತಿ ಜಾಗ ಬಿಟ್ಟರಂತೆ!

ಬ್ರೇಕ್‌ವೈರ್
ವಿಗ್ ಎಲ್ಲಿ ಸಿಗುತ್ತದೆ?

ಲೆಕ್ಕದ ಮೇಷ್ಟ್ರು
ಆ ಅಂಕಿಅಂಶವನ್ನೇ ಬೇರೆಯವರು ಮತ್ತೆ ಲೆಕ್ಕ ಹಾಕಿ, ಹೆಲ್ಮೆಟ್ಟಿನ ವ್ಯತ್ಯಾಸಕ್ಕೆ ಅರ್ಥವಿಲ್ಲ ಅಂದರು. ವಾಕರ್ ಅದಕ್ಕೂ ಉತ್ತರ ಕೊಟ್ಟರು. ಜಗಳ ಮುಗಿದಿಲ್ಲ. ಅಧ್ಯಯನ ಮಾಡುತ್ತಿದ್ದಾಗ ಅವರಿಗೇ ವಾಹನ ಗುದ್ದಿತ್ತು, ಆಗ ಅವರ ತಲೆಯ ಮೇಲೆ ಹೆಲ್ಮೆಟ್ ಇತ್ತು ಅನ್ನುವುದನ್ನೂ ನೆನಪಿಡಿ. ಇದನ್ನು ಓದಿ ಯಾರೂ ಹೆಲ್ಮೆಟ್ ಬಿಚ್ಚಿಡಬೇಡಿ.

ಎರಡುಚಕ್ರ
ಪೊಲೀಸರು ಮನಸ್ಸು ಮಾಡಿದರೆ ಬದಲಾವಣೆ ತರಬಹುದು. ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು 2016ರಲ್ಲಿ ಸಾದಾ ಬಟ್ಟೆಯಲ್ಲಿ ಸೈಕಲ್ ಹತ್ತಿದರು. ತೀರಾ ಹತ್ತಿರದಿಂದ ದಾಟಿದವರನ್ನು ಮುಂದೆ ಇನ್ನೊಂದು ತಂಡ ನಿಲ್ಲಿಸುತ್ತಿತ್ತು. ನೆಲದ ಮೇಲೆ ಅಳತೆಯ ಚಾಪೆ ಹಾಸಿ, ಎಷ್ಟು ಜಾಗ ಬಿಡಬೇಕಿತ್ತು ಅಂತ ತೋರಿಸಿ ಪಾಠ ಹೇಳುತ್ತಿದ್ದರು. ದಂಡಕ್ಕಿಂತ ಇದು ನಾಟುತ್ತದೆ ಅಂತ ನನಗೆ ಅನಿಸುತ್ತದೆ. ಚಾಪೆ ನೋಡಿದ ಮೇಲೆ ಗೊತ್ತಿರಲಿಲ್ಲ ಅನ್ನಲು ಆಗುವುದಿಲ್ಲ.

ಸ್ಟೀರಿಂಗ್‌ವಾಲಾ
ಇದೆಲ್ಲ ಒಪ್ಪಿದೆ. ಆದರೆ ನೀವೆಲ್ಲ ನನ್ನ ಕೆಲಸವನ್ನೇ ಹೇಳುತ್ತಿದ್ದೀರಿ. ತಾಳ್ಮೆಯಿಂದ ಹಿಂದೆ ಇರಬೇಕು, ರಸ್ತೆ ಖಾಲಿ ಕಂಡಾಗ ಪೂರ್ತಿ ಆಚೆ ಹೋಗಿ ದಾಟಬೇಕು, ಬೇಗ ಒಳಕ್ಕೆ ಬರಬಾರದು. ಸರಿ. ತಿರುವಿನ ಮೇಲೆ ತಿರುವು, ಹತ್ತು ನಿಮಿಷ ಆದರೂ ಜಾಗ ಸಿಗಲಿಲ್ಲ, ನನ್ನ ಹಿಂದೆ ಇನ್ನೂ ಐದಾರು ಗಾಡಿ. ಆಗ ಗುಂಪಿನ ಕೆಲಸ ಏನು?

ನಿಧಾನಸ್ಥೆ
ನಿಲ್ಲಿಸಬೇಕು. ನೇರ ಮಾತು. ಸುರಕ್ಷಿತ ಜಾಗ ಸಿಕ್ಕ ಕೂಡಲೇ ರಸ್ತೆ ಬಿಟ್ಟು ಇಳಿದು ಎಲ್ಲರನ್ನೂ ಬಿಡಬೇಕು. ಒಂದು ನಿಮಿಷದ ಕೆಲಸ.

ಎರಡುಚಕ್ರ
ಅಷ್ಟು ಸುಲಭ ಅಲ್ಲ. ಇಪ್ಪತ್ತು ಜನ ಒಮ್ಮೆಲೇ ಇಳಿಯುವ ಜಾಗ ಎಲ್ಲ ಕಡೆ ಇರುವುದಿಲ್ಲ. ಜಲ್ಲಿಗೆ ಇಳಿದರೆ ಬೀಳುತ್ತಾರೆ.

ನಿಧಾನಸ್ಥೆ
ಸಿಗುವ ತನಕ ಹೋಗಿ, ಸಿಕ್ಕಾಗ ನಿಲ್ಲಿಸಿ ಅಂದೆ. ಕ್ಯಾಲಿಫೋರ್ನಿಯಾದಲ್ಲಿ ಇದು ಕಾನೂನೇ. ದಾಟಲು ಆಗದ ಎರಡು ಲೇನಿನ ರಸ್ತೆಯಲ್ಲಿ ನಿಧಾನದ ವಾಹನದ ಹಿಂದೆ ಐದು ಅಥವಾ ಹೆಚ್ಚು ಗಾಡಿ ಸೇರಿದರೆ, ಹತ್ತಿರದ ಸುರಕ್ಷಿತ ಜಾಗದಲ್ಲಿ ಪಕ್ಕಕ್ಕೆ ಇಳಿದು ಬಿಡಬೇಕು. ಸೈಕಲ್ಲಿಗೂ ಅದು ಅನ್ವಯ ಅಂತ 2016ರಿಂದ ಸ್ಪಷ್ಟವಾಗಿ ಬರೆದಿದ್ದಾರೆ. ನಮ್ಮ ಹಕ್ಕಿನ ನಿಯಮ ಮಾತ್ರ ಬಾಯಿಪಾಠ, ಬೇರೆಯವರಿಗೆ ಅನುಕೂಲ ಆಗುವ ನಿಯಮ ಬಂದರೆ ಜಲ್ಲಿ ಕಾಣುತ್ತದೆ ಅಲ್ವಾ?

ಕ್ಲಚ್‌ಪ್ಲೇಟ್
ಈ ಮೇಡಂ ಒಬ್ಬರು ಸರಿಯಾಗಿ ಮಾತಾಡುತ್ತಿದ್ದಾರೆ.

ನಿಧಾನಸ್ಥೆ
ನಿಮ್ಮ ಸರ್ಟಿಫಿಕೇಟ್ ಬೇಡ ಸರ್, ಒಂದೂವರೆ ಮೀಟರ್ ಬಿಡಿ ಸಾಕು.

ಹಿಂದಿನ ಚಕ್ರ
ನನ್ನ ಪ್ರಕಾರ ಮೂಲ ತಪ್ಪು ಇಪ್ಪತ್ತು ಜನ ಒಟ್ಟಿಗೆ ಹೊರಡುವುದರಲ್ಲೇ ಇದೆ. ಆರೆಂಟು ಜನರ ತುಂಡು ಮಾಡಿ. ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಕಾರು ಆರಾಮಾಗಿ ಒಳಬಂದು ಉಸಿರಾಡುವಷ್ಟು ಜಾಗ ಇರಲಿ. ನೂರು ಮೀಟರ್ ಆದರೂ ಬೇಕು. ಹತ್ತು ಹದಿನೈದು ಮೀಟರ್ ಬಿಟ್ಟರೆ ಏನೂ ಬಿಡದಿದ್ದಕ್ಕಿಂತ ಕೆಟ್ಟದ್ದು. ಕಾರು ನಡುವೆ ತೂರಿ ಬ್ರೇಕ್ ಹಾಕುತ್ತದೆ, ಹಿಂದಿನ ತುಂಡು ಹೋಗಿ ಡಿಕ್ಕಿಗೆ ಗುದ್ದುತ್ತದೆ.

ಬ್ರೇಕ್‌ವೈರ್
ಮುಂದಿರುವವರು ಕೈ ಬೀಸಿ "ಬನ್ನಿ ಬನ್ನಿ" ಅಂತ ಕಾರಿಗೆ ದಾರಿ ತೋರಿಸಿದರೆ ಆಗುವುದಿಲ್ಲವಾ? ನಾನು ಮಾಡುತ್ತೇನೆ. ಎಷ್ಟೋ ಜನ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ.

ಲಾರಿಮಿತ್ರ
ದಯವಿಟ್ಟು ಬೇಡ ತಮ್ಮಾ. ನಿನ್ನ ಲೆಕ್ಕದಲ್ಲಿ ಒಂದು ಸೈಕಲ್ಲಿಗೋ ಕಾರಿಗೋ ಎಷ್ಟು ರಸ್ತೆ ಬೇಕು ಅಂತ ಇರುತ್ತದೆ. ನನ್ನ ಗಾಡಿಗೆ ಅದರ ಎರಡು ಪಟ್ಟೋ ಮೂರು ಪಟ್ಟೋ ಬೇಕು. ನೀನು ಕೈ ಬೀಸುತ್ತೀಯ, ಎದುರಿನವನು ತಿರುವಿನಿಂದ ಬರುತ್ತಾನೆ. ನಾನು ಒಳಕ್ಕೆ ಬರಬೇಕಾಗುತ್ತದೆ. ಒಳಗೆ ಯಾರಿದ್ದೀರಿ? ನೀವೇ. ಮುಂದೆ ವಾಹನ ಬರುತ್ತಿದ್ದರೆ ನಿಲ್ಲು ಅಂತ ಅಂಗೈ ತೋರಿಸು, ಅದು ಉಪಕಾರ. ಬಾ ಅಂತ ಮಾತ್ರ ಕರೆಯಬೇಡ. ದಾಟುವ ತೀರ್ಮಾನ ಸ್ಟೀರಿಂಗ್ ಹಿಡಿದವನದ್ದೇ ಆಗಿರಲಿ.

ಬ್ರೇಕ್‌ವೈರ್
ಹೌದಲ್ಲ. ಸರಿ ಅಣ್ಣಾ.

ಮೂರನೇ ಗೇರ್
ಗುಂಪಿನವರಿಗೆ ನನ್ನದೂ ಒಂದು ಕೋರಿಕೆ. ಹಿಂದೆ ಮಿಣಮಿಣ ಮಿಂಚುವ ಹತ್ತು ಕೆಂಪು ಲೈಟು ಒಟ್ಟಿಗೆ ಕಂಡರೆ ಮುಂಜಾನೆ ಕತ್ತಲಲ್ಲಿ ದೂರ ಎಷ್ಟು ಅಂತಲೇ ತಿಳಿಯುವುದಿಲ್ಲ.

ಹಿಂದಿನ ಚಕ್ರ
ಗುಂಪಿನೊಳಗೂ ಅದು ಹಿಂಸೆಯೇ, ಹಿಂದಿನವರ ಕಣ್ಣಿಗೆ ಹೊಡೆಯುತ್ತದೆ. ನಾವು ಎಲ್ಲರದ್ದೂ ಮಂದವಾಗಿ ಸ್ಥಿರವಾಗಿ ಇಟ್ಟು, ಕೊನೆಯ ಇಬ್ಬರದ್ದು ಮಾತ್ರ ಜೋರಾಗಿ ಇಡುತ್ತೇವೆ. ಜರ್ಮನಿಯಲ್ಲಿ ಸೈಕಲ್ಲಿಗೆ ಮಿಂಚುವ ದೀಪ ನಿಷಿದ್ಧ.

ನಿಧಾನಸ್ಥೆ
ಹಗಲಲ್ಲಿ ಮಿಂಚಿದರೇನೇ ಕಾಣುವುದು. ಹಗಲಿಗೆ ಮಿಂಚಲಿ, ಕತ್ತಲಿಗೆ ಸ್ಥಿರ ಇರಲಿ.

ಸ್ಟೀರಿಂಗ್‌ವಾಲಾ
ಕೊನೆಯವರದ್ದು ಜೋರಾಗಿ ಇರಲಿ ಅಂದಿರಿ, ಮುಂದಿನವರ ಹತ್ತಿರ ಬಿಳಿ ಲೈಟೂ ಇರಲಿ. ತಿರುವಿನಲ್ಲಿ ಎದುರಿನಿಂದ ಬರುವವನಿಗೆ ಗುಂಪು ಬರುತ್ತಿದೆ ಅಂತ ಗೊತ್ತಾದರೆ ಅವನೂ ನಿಧಾನ ಮಾಡುತ್ತಾನೆ. ನೂರು ಮೀಟರ್ ತುಂಡಿನ ವಿಷಯ ನಮ್ಮ ಆಫೀಸಿನ ಸೈಕಲ್ ಗುಂಪಿಗೆ ಕಳಿಸುತ್ತಿದ್ದೇನೆ. ಬೈಸಿಕೊಳ್ಳಲು ತಯಾರಾಗಿದ್ದೇನೆ.

ಎರಡುಚಕ್ರ
ಮೇಷ್ಟ್ರ ಲೆಕ್ಕವನ್ನೂ ಜೊತೆಗೆ ಕಳಿಸಿ. ಇಲ್ಲದಿದ್ದರೆ ಅವರೂ ಟ್ಯಾಕ್ಸ್‌ನಿಂದಲೇ ಶುರು ಮಾಡುತ್ತಾರೆ, ಉಲ್ಟಾ ಕಡೆಯಿಂದ.